ಆ ‘ರೂ’ ತೆಗೆದುಬಿಡು, ಪುಟ್ಟಿ

ಪುಟ್ಟಿ,

ನಿನ್ನ ಕಾದಂಬರಿಯ ಕಟ್ಟು ಹೋದ ಸೋಮವಾರ ಕೈಗೆ ಬಂತು. 268 ಪುಟ. ಎರಡು ದಿನ ಮುಟ್ಟಲಿಲ್ಲ, ಮನೆಯಲ್ಲಿ ನೆಂಟರಿದ್ದರು. ಬುಧವಾರ ರಾತ್ರಿ ಹಿಡಿದವಳು ಒಂದೂವರೆ ಗಂಟೆಗೆ ಕೆಳಗಿಟ್ಟೆ. ಉಳಿದದ್ದನ್ನು ಮಾರನೇ ದಿನ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಕೊಂಡು, ಒಂದು ಸಲ ಒಗ್ಗರಣೆ ಸೀಯಿಸಿ, ಓದಿ ಮುಗಿಸಿದೆ. ಓದಿಸಿಕೊಂಡು ಹೋಗುತ್ತದಾ ಅಂತ ಕೇಳಿದ್ದೆಯಲ್ಲ, ಉತ್ತರ ಸಿಕ್ಕಿತು ಅಂದುಕೋ. ಇನ್ನೊಂದು ವಿಷಯ, ಪತ್ರದಲ್ಲಿ ಏಳು ಸಲ ಮೇಡಂ ಅಂದಿದ್ದೀಯ. ಅಕ್ಕ ಅನ್ನು ಸಾಕು. ವಯಸ್ಸು ನೋಡಿದರೆ ಅಜ್ಜಿ ಅನ್ನಬೇಕು, ಅದು ಬೇಡ.

ಮೊದಲು ನಾಲ್ಕು ಒಳ್ಳೆಯ ಮಾತು ಹೇಳಿ ಆಮೇಲೆ ತಪ್ಪು ಹೇಳುವುದು ನನಗೆ ಬರುವುದಿಲ್ಲ. ನೇರವಾಗಿ ಹೇಳುತ್ತೇನೆ. ಸಿಂಧನೂರಿನಿಂದ ಮಂಗಳೂರು ಕಡೆಯ ಹಾಸ್ಟೆಲ್ಲಿಗೆ ಓದಲು ಬಂದ ನಿನ್ನ ಕಾದಂಬರಿಯ ಹುಡುಗಿ 24ನೇ ಅಧ್ಯಾಯದಲ್ಲಿ ತನ್ನನ್ನು ತಾನು ಒಪ್ಪಿಕೊಳ್ಳುತ್ತಾಳೆ. ನೀನು ಮಾತ್ರ ಕೊನೆಯ ಪುಟ ಬಂದರೂ ಅವಳನ್ನು ಒಪ್ಪಿಕೊಂಡಿಲ್ಲ.

ಸಿಟ್ಟು ಬಂತಾ? ತಾಳು. ಮೊದಲನೇ ಪುಟದಲ್ಲೇ ‘ಬಣ್ಣ ಕಪ್ಪಾದರೂ ಕಣ್ಣಲ್ಲಿ ಕಳೆಯಿತ್ತು’ ಅಂತಿದೆ. ಒಂಬತ್ತನೇ ಪುಟ, ‘ದಪ್ಪಗಿದ್ದರೂ ಚುರುಕು’. ಇಪ್ಪತ್ತೆರಡನೇ ಪುಟ, ‘ಸಿಂಧನೂರಿನವಳಾದರೂ ಇಂಗ್ಲಿಷ್ ಚೆನ್ನಾಗಿತ್ತು’. ಕೆಂಪು ಪೆನ್ನು ಹಿಡಿದು ಸುತ್ತು ಹಾಕುತ್ತಾ ಹೋದೆ, ಮೊದಲ ನೂರು ಪುಟದಲ್ಲಿ ಇಂಥ ‘ರೂ’ 31 ಸಿಕ್ಕವು. ಇವನ್ನು ಅವಳ ಚಿಕ್ಕಮ್ಮನ ಬಾಯಲ್ಲಿ ಹೇಳಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ, ಚಿಕ್ಕಮ್ಮಂದಿರು ಮಾತಾಡುವುದೇ ಹಾಗೆ. ಆದರೆ ಇದನ್ನು ಯಾವ ಪಾತ್ರವೂ ಹೇಳುತ್ತಿಲ್ಲ. ಕಥೆ ಹೇಳುವ ನೀನೇ ಹೇಳುತ್ತಿದ್ದೀಯ. ‘ಕಪ್ಪಾದರೂ’ ಅಂದ ಕೂಡಲೇ ಕಪ್ಪು ಅನ್ನುವುದು ಹುಟ್ಟಿನಿಂದ ಬಂದ ಸಾಲ ಆಗಿಬಿಡುತ್ತದೆ, ಚೆಂದದ ಕಣ್ಣು ಆ ಸಾಲಕ್ಕೆ ಕಟ್ಟಿದ ಕಂತು. ಓದುವ ಹುಡುಗಿ ತನ್ನ ಹತ್ತಿರ ಕಟ್ಟಲು ಏನಿದೆ ಅಂತ ಹುಡುಕಿಕೊಳ್ಳಬೇಕು. ಅವಳ ಕಣ್ಣೂ ಸಾಧಾರಣವಾಗಿದ್ದರೆ?

ಇದು ನನಗೆ ಹೊಳೆದದ್ದಲ್ಲ. ನನಗೆ ಹದಿನಾರು ವರ್ಷ ಇದ್ದಾಗ ಒಂದು ಮದುವೆಮನೆಯಲ್ಲಿ ಯಾರೋ ದೂರದ ನೆಂಟರು ಗಲ್ಲ ಹಿಡಿದು ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಅಂದಿದ್ದರು. ಹತ್ತು ವರ್ಷ ಅದನ್ನು ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೆ. ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ ಅಂದರೆ ನನ್ನ ಮೊದಲ ಕಾದಂಬರಿಯ ನಾಯಕಿಗೂ ಅದೇ ಮಾತನ್ನು, ಒಂದಕ್ಷರ ಬದಲಿಸದೆ, ಬರೆದುಬಿಟ್ಟೆ. ಪ್ರಕಾಶಕರು ಏನೂ ಅನ್ನಲಿಲ್ಲ. ವಿಮರ್ಶೆ ಬರೆದವರೂ ಏನೂ ಅನ್ನಲಿಲ್ಲ. ಒಬ್ಬಳು ಪಿಯುಸಿ ಹುಡುಗಿ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರೆದಳು, ‘ನಿಮ್ಮ ನಾಯಕಿ ನನ್ನ ಹಾಗೇ ಕಪ್ಪು ಅಂತ ಖುಷಿಯಿಂದ ಓದಿದೆ, ಆದರೆ ನೀವು ಅವಳ ಬಣ್ಣಕ್ಕೆ ಪ್ರತಿ ಸಲ ಯಾಕೆ ಕ್ಷಮೆ ಕೇಳುತ್ತೀರಿ?’ ಉತ್ತರ ಬರೆಯಲು ನನಗೆ ಮೂರು ವಾರ ಬೇಕಾಯಿತು. ಬಿಳಿಯಾಗಿಸುವ ಒಂದು ಕ್ರೀಮಿನ ಹೆಸರಿನಿಂದ 2020ರಲ್ಲಿ ‘ಫೇರ್’ ಅನ್ನುವ ಪದ ತೆಗೆದರು, ನೆನಪಿದೆಯಾ? ಪೇಪರಿನಲ್ಲಿ ಆ ಸುದ್ದಿ ಓದಿದಾಗ ನನಗೆ ಆ ಇನ್‌ಲ್ಯಾಂಡ್ ಲೆಟರೇ ನೆನಪಾಗಿತ್ತು.

ನಿನ್ನ ‘ರೂ’ ಬಣ್ಣದಲ್ಲೇ ನಿಂತಿಲ್ಲ, ಊರಿಗೂ ಹಬ್ಬಿದೆ. ನೀನೇ ಸಿಂಧನೂರಿನ ಕಡೆಯವಳು ಅಂತ ಪತ್ರದಲ್ಲಿ ಬರೆದಿದ್ದೀಯ. ಆದರೆ ಕಾದಂಬರಿಯಲ್ಲಿ ನಿನ್ನ ಊರು ‘ಬಿರುಬಿಸಿಲಿನ ಬರಡು ಬಯಲು’. ಯಾರ ಕಣ್ಣಮ್ಮಾ ಇದು? ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಅದು ಭತ್ತದ ಸೀಮೆ. ಬಿಸಿಲು ಇದೆ, ಸರಿ. ಬರಡು ಎಲ್ಲಿ? ಬೆಂಗಳೂರಿನವರಿಗೆ ರಾಯಚೂರು ಜಿಲ್ಲೆ ಅಂದರೆ ಬಿಸಿಲು, ಬರ, ಗುಳೆ ಅಷ್ಟೇ. ನೀನು ಅವರ ಕಣ್ಣನ್ನು ಸಾಲ ತಂದು ನಿನ್ನ ಊರನ್ನು ನೋಡಿದ್ದೀಯ. ಅವಳು ಮಂಗಳೂರು ಕಡೆಯ ಹಾಸ್ಟೆಲ್ ಮೆಸ್ಸಿನಲ್ಲಿ ಮೊದಲ ದಿನ ಕುಚ್ಚಲಕ್ಕಿ ಅನ್ನ ನೋಡಿ ಮುಖ ಕಿವುಚುವ ಜಾಗ ಇದೆಯಲ್ಲ, ಅಲ್ಲಿ ನೀನು ‘ರೊಟ್ಟಿ ತಿಂದು ಬೆಳೆದವಳಿಗೆ ಅನ್ನ ಒಗ್ಗಲಿಲ್ಲ’ ಅಂತ ಬರೆದು ಮುಂದೆ ಹೋಗಿದ್ದೀಯ. ಸೋನಾ ಮಸೂರಿ ಬೆಳೆಯುವ ಊರಿನ ಹುಡುಗಿ ಅವಳು! ಅವಳಿಗೆ ಅಕ್ಕಿಯ ಬಗ್ಗೆ ಜಂಬ ಇರಬೇಕು. ರೈಸ್ ಮಿಲ್ಲಿನ ತೌಡಿನ ವಾಸನೆ ಗೊತ್ತಿರಬೇಕು. ‘ಇದೇನ್ ಅಕ್ಕೀನೇ?’ ಅಂತ ಮನಸ್ಸಲ್ಲೇ ನಗಬೇಕು. ಮೊದಲ ದಿನ ಅವಳು ಹೆದರಿಕೊಂಡು ಮಾತ್ರ ಕೂರುವುದಿಲ್ಲ, ಒಳಗೊಳಗೇ ಎಲ್ಲರನ್ನೂ ಅಳೆಯುತ್ತಲೂ ಇರುತ್ತಾಳೆ. ಹದಿಹರೆಯದವರು ಹಾಗೇ ಅಲ್ವಾ? ಕೀಳರಿಮೆ, ಸೊಕ್ಕು ಎರಡೂ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತವೆ.

ತುಳು ಕೇಳಿ ಅವಳು ಬೆಚ್ಚಿಬಿದ್ದದ್ದನ್ನೂ ನಾನು ನಂಬಲಿಲ್ಲ. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಲ್ಲಿ ತೆಲುಗು, ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿ, ಬಜಾರಿನಲ್ಲಿ ಉರ್ದು ಕೇಳಿಕೊಂಡು ಬೆಳೆದವಳಿಗೆ ಇನ್ನೊಂದು ಭಾಷೆ ಭಯ ಹುಟ್ಟಿಸುತ್ತದಾ? ಅವಳಿಗೆ ಭಯ ಆಗುವುದು ಕನ್ನಡದಿಂದ. ತನ್ನ ಕನ್ನಡಕ್ಕೆ ಉಳಿದವರು ನಗುವುದರಿಂದ. ‘ಏನ್ ಮಾಡಾಕತ್ತೀದಿ’ ಅಂದಾಗ ಹಿಂದಿನ ಬೆಂಚಿನವರು ಅದನ್ನೇ ಎಳೆದು ಎಳೆದು ಹೇಳುವುದರಿಂದ. ಆಮೇಲೆ ಅವಳು ಬಾಯಿ ತೆರೆಯುವ ಮುಂಚೆ ಪ್ರತಿ ವಾಕ್ಯವನ್ನೂ ತಲೆಯೊಳಗೆ ತೊಳೆದು ಒಣಗಿಸಿ ಇಸ್ತ್ರಿ ಮಾಡಿ ಹೊರಗೆ ಬಿಡುತ್ತಾಳೆ. ಇದನ್ನು ನೀನು ಬರೆದಿದ್ದೀಯ, ಚೆನ್ನಾಗೇ ಬರೆದಿದ್ದೀಯ. ತಮಾಷೆ ಏನು ಗೊತ್ತಾ? ಅವಳು ಹಾಸ್ಟೆಲ್ಲಿಗೆ ಬರುವ ಮುಂಚಿನ ಅಧ್ಯಾಯಗಳಲ್ಲೂ, ಅವಳ ಮನೆಯಲ್ಲೂ, ಅವಳ ಅಜ್ಜಿಯೂ ಪಠ್ಯಪುಸ್ತಕದ ಕನ್ನಡವನ್ನೇ ಆಡುತ್ತಾರೆ. ಅವಳಿಗಿಂತ ಮುಂಚೆ ನೀನೇ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದೀಯ. ‘ಹಂಗ’, ‘ಭಾಳ’, ‘ಯವ್ವಾ’ ಇವೆಲ್ಲ ನಿನ್ನ ಪುಸ್ತಕದಲ್ಲಿ ಬರುವುದು ಯಾರಾದರೂ ನಗಬೇಕಾದಾಗ ಮಾತ್ರ. ಮನೆಯ ಮಾತೆಲ್ಲ ಮನೆಯ ಕನ್ನಡದಲ್ಲೇ ಬರಲಿ. ಓದುವವರಿಗೆ ಅರ್ಥ ಆಗಲ್ಲ ಅಂತ ಹೆದರಬೇಡ, ಧಾರವಾಡದ ಕನ್ನಡದ ಪದ್ಯಗಳನ್ನು ಇಡೀ ಕರ್ನಾಟಕ ನೂರು ವರ್ಷದಿಂದ ಹಾಡುತ್ತಿದೆ.

ಅಂದಹಾಗೆ, ಅವಳು ಪ್ರೀತಿಸುವ ಆ ಬೆಳ್ತಂಗಡಿ ಹುಡುಗ ಪುಸ್ತಕದ ಕನ್ನಡ ಆಡುವುದು ಸರಿಯಾಗಿಯೇ ಇದೆ, ಅದನ್ನು ಬದಲಿಸಬೇಡ. ಮನೆಯಲ್ಲಿ ತುಳು ಆಡಿ ಕನ್ನಡವನ್ನು ಶಾಲೆಯಲ್ಲಿ ಕಲಿತವರ ಕನ್ನಡ ಸ್ವಲ್ಪ ಹಾಗೇ ಇರುತ್ತದೆ. ಆದರೆ ನೀನು ಅದನ್ನು ಅವನ ಸಭ್ಯತೆಯ ಗುರುತು ಮಾಡಿಬಿಟ್ಟಿದ್ದೀಯ. ಅವನಿಗೂ ಕನ್ನಡ ಮನೆಮಾತಲ್ಲ ಅಂತ ನಿನ್ನ ಹುಡುಗಿಗೆ ಒಂದು ದಿನ ಗೊತ್ತಾದರೆ? ಅವನು ಅಮ್ಮನ ಜೊತೆ ತುಳುವಿನಲ್ಲಿ ಜಗಳ ಆಡುವುದು ಕೇಳಿ, ಇವನು ಬೇರೆಯೇ ಹುಡುಗ ಅಂತ ಅವಳಿಗೆ ಅನ್ನಿಸಿದರೆ? ಇಬ್ಬರೂ ಪರಸ್ಪರ ಇಸ್ತ್ರಿ ಮಾಡಿದ ಮಾತನ್ನೇ ಆಡುತ್ತಿದ್ದಾರೆ ಅಂದಮೇಲೆ ಅಲ್ಲೊಂದು ಪ್ರೇಮಕಥೆ ಇದೆ.

ಈಗ ಪ್ರೀತಿಯ ವಿಷಯ. 13ನೇ ಅಧ್ಯಾಯದಲ್ಲಿ ಲ್ಯಾಬಿನ ಹೊರಗೆ ಅವನು ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುತ್ತಾನೆ. ಪುಟ್ಟಿ, ಈ ವಾಕ್ಯವನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನೀನು ಕೇಳಿದ್ದೀಯಾ? ಡಬ್ಬಿಂಗ್ ಸಿನಿಮಾ ಬಿಟ್ಟು ಹೇಳು. ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ, ಮನೆಯವರ ಬಾಯಲ್ಲಂತೂ ಕೇಳಿಲ್ಲ. ನಮ್ಮ ಪ್ರೇಮಗೀತೆಗಳಲ್ಲಿ ಅರ್ಧ ಗಂಡ ಹೆಂಡತಿಯವು, ಉಳಿದರ್ಧ ವಿರಹದವು. ಹದಿನೇಳು ವರ್ಷದ ಇಬ್ಬರು ಕೆಮಿಸ್ಟ್ರಿ ರೆಕಾರ್ಡ್ ಹಿಡಿದು ನಿಂತಾಗ ಆಡುವ ಮಾತು ನಮ್ಮ ಸಾಹಿತ್ಯದಲ್ಲಿ ಕಡಿಮೆ. ಅದನ್ನು ನೀನೇ ಹುಡುಕಬೇಕು. ನಿನ್ನ ವಯಸ್ಸಿನವರು ಏನನ್ನುತ್ತಾರೋ ನಿನಗೇ ಜಾಸ್ತಿ ಗೊತ್ತು. ‘ಇಷ್ಟ’ ಅನ್ನುತ್ತಾರೆ, ‘ಕ್ರಶ್’ ಅನ್ನುತ್ತಾರೆ, ‘ಸೀರಿಯಸ್ಸಾ?’ ಅನ್ನುತ್ತಾರೆ, ಏನೂ ಅನ್ನದೆ ಇನ್ನೊಬ್ಬರ ರೆಕಾರ್ಡ್ ಬರೆದುಕೊಡುತ್ತಾರೆ. ನೀನೇ ಬರೆದ ಆ ಟೈಟ್ರೇಷನ್ ದೃಶ್ಯದಲ್ಲಿ ಅವಳ ಬ್ಯುರೆಟ್ಟಿನ ರೀಡಿಂಗನ್ನು ಅವನು ತನ್ನ ಅಂಗೈ ಮೇಲೆ ಬರೆದುಕೊಂಡು ಸಂಜೆವರೆಗೂ ಕೈ ತೊಳೆಯದೆ ಓಡಾಡುತ್ತಾನಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಬಾಯಿ ತೆರೆದರೆ ಆ ಅಂಗೈ ಹಾಳಾಗುತ್ತದೆ.

ಹಾಸ್ಟೆಲ್ಲಿನಲ್ಲಿ ಮೊಬೈಲ್ ಇಲ್ಲ ಅನ್ನುವುದು ನಿನ್ನಂಥವಳಿಗೆ ಲಾಟರಿ ಹೊಡೆದ ಹಾಗೆ, ನೀನು ಅದನ್ನು ಬಳಸಿಕೊಂಡೇ ಇಲ್ಲ. ಹೇಗೋ ಒಂದು ಫೋನು ಕದ್ದು ಒಳಗೆ ತಂದು ಚಾಟ್ ಶುರು ಮಾಡಿಸಿದ್ದೀಯ. ಬೇಡ. ಬೆಳಗಿನ ಐದು ಗಂಟೆಯ ಬೆಲ್ಲು, ಸ್ಟಡಿ ಅವರ್, ಕಾರಿಡಾರಿನ ಸಿಸಿಟಿವಿ, ಭಾನುವಾರ ಮನೆಗೆ ಫೋನ್ ಮಾಡಲು ಕ್ಯೂ, ಔಟಿಂಗ್ ಲೆಟರಿಗೆ ವಾರ್ಡನ್ ಸಹಿ, ಪ್ರತಿ ಟೆಸ್ಟ್ ಆದ ಮೇಲೆ ರ್‍ಯಾಂಕ್ ನೋಡಿ ಸೆಕ್ಷನ್ ಬದಲಾಯಿಸುವುದು. ಇಬ್ಬರೂ ಒಂದೇ ಸೆಕ್ಷನ್ನಿನಲ್ಲಿ ಇರಬೇಕು ಅಂತ ಅವನು ಬೇಕೆಂದೇ ಎರಡು ಲೆಕ್ಕ ತಪ್ಪು ಮಾಡಬಹುದು. ಆಗ ಅವಳಿಗೆ ಸಿಟ್ಟು ಬರಬೇಕು, ಯಾಕೆಂದರೆ ತಾನು ಮೇಲೆ ಬರಲಾರೆ ಅಂತ ಅವನು ತೀರ್ಮಾನ ಮಾಡಿದ ಹಾಗಾಯಿತು. ನೀಟ್, ಸಿಇಟಿ ಎಲ್ಲ ನಿನ್ನ ಕಥೆಯ ಹಿಂದೆ ತೂಗುಹಾಕಿದ ಪರದೆಯ ಹಾಗಿವೆ, ಅವು ಕಥೆಯ ಒಳಗೆ ಬರಲಿ. ಕಲ್ಯಾಣ ಕರ್ನಾಟಕದವರಿಗೆ ಸೀಟು, ಕೆಲಸದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ಸುದ್ದಿಯೂ ಇಲ್ಲ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಹಾಸ್ಟೆಲ್ಲಿನಲ್ಲಿ ಯಾರಾದರೂ ಒಬ್ಬರು ‘ನಿಮಗೇನ್ ಬಿಡು, ಕೋಟಾ ಇದೆ’ ಅನ್ನದೆ ಬಿಡುವುದಿಲ್ಲ. 2012ರ ತಿದ್ದುಪಡಿ ಯಾಕೆ ಬಂತು ಅಂತ ಅವರಿಗೆ ಗೊತ್ತಿರುವುದಿಲ್ಲ, ನಿನ್ನ ಹುಡುಗಿಗೂ ಗೊತ್ತಿರುವುದಿಲ್ಲ. ಅದಕ್ಕೇ ಅವಳು ಉತ್ತರ ಕೊಡಲಾಗದೆ ನುಂಗಿಕೊಳ್ಳುತ್ತಾಳೆ. ಬಣ್ಣದ ಮಾತಿಗಿಂತ ಇದೇ ಜಾಸ್ತಿ ಚುಚ್ಚಬಹುದು. ಯೋಚಿಸು.

ಹುಡುಗನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅವನಿಗೆ ಒಂದು ಮೊಡವೆಯೂ ಇಲ್ಲ, ಹೊಟ್ಟೆನೋವೂ ಬರುವುದಿಲ್ಲ. ಕೊಡು.

ರೂಮ್‌ಮೇಟ್ ಬಗ್ಗೆ ಸ್ವಲ್ಪ ಹೇಳಬೇಕು. ಅವಳಿಗೆ ಹುಡುಗಿಯರು ಇಷ್ಟ ಅಂತ ಒಂದೇ ಒಂದು ಪ್ಯಾರಾದಲ್ಲಿ ಬರುತ್ತದೆ. ಆಮೇಲೆ ಅವಳು ನಾಯಕಿಯ ಕಣ್ಣೀರು ಒರೆಸುತ್ತಾಳೆ, ಚೀಟಿ ತಲುಪಿಸುತ್ತಾಳೆ, ಧೈರ್ಯ ಹೇಳುತ್ತಾಳೆ, 19ನೇ ಅಧ್ಯಾಯದಲ್ಲಿ ಟಿಸಿ ತಗೊಂಡು ಹೋಗಿಬಿಡುತ್ತಾಳೆ. ಅವಳ ಕಣ್ಣೀರು ಒರೆಸಿದವರು ಯಾರು? ವಸುಧೇಂದ್ರ ಅವರ ‘ಮೋಹನಸ್ವಾಮಿ’, ಸಲಿಂಗಿಯೊಬ್ಬನ ಕಥೆಗಳ ಪುಸ್ತಕ, ಬಂದದ್ದು 2013ರಲ್ಲಿ. ಸಲಿಂಗ ಪ್ರೇಮ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಕನ್ನಡದ ಕಥೆ ಕೋರ್ಟಿಗಿಂತ ಐದು ವರ್ಷ ಮುಂದಿತ್ತು. ಇಷ್ಟಾದ ಮೇಲೂ ನೀನು ಆ ಹುಡುಗಿಯನ್ನು ಚೀಟಿ ತಲುಪಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದೀಯ. ಪೂರ್ತಿ ಬರೆಯುವ ಹಾಗಿದ್ದರೆ ಬರೆ, ಆಗದಿದ್ದರೆ ತೆಗೆ. ‘ಅಂಥವಳಾದರೂ ಒಳ್ಳೆ ಗೆಳತಿ’ ಅನ್ನುವುದು ಇನ್ನೊಂದು ‘ರೂ’.

ಹುಡುಗ ಹುಡುಗಿ ಇಬ್ಬರೂ ಕೈ ಹಿಡಿದುಕೊಳ್ಳುವುದಕ್ಕೆ, ಒಂದು ಅಪ್ಪುಗೆಗೆ ನಿಲ್ಲಿಸಿದ್ದೀಯ. ಸರಿಯಾಗಿದೆ, ಅದಕ್ಕಿಂತ ಮುಂದೆ ಈ ಕಥೆಗೆ ಬೇಕಾಗಿಲ್ಲ. ಆದರೆ ಅವಳ ಅಪ್ಪ ‘ಕಂಪ್ಲೇಂಟ್ ಕೊಡ್ತೀನಿ’ ಅಂತ ಕೂಗುವ ದೃಶ್ಯವನ್ನು ಸಿನಿಮಾ ಡೈಲಾಗ್ ತರಹ ಬರೆದಿದ್ದೀಯ, ಅದರ ತೂಕ ನಿನಗೆ ಗೊತ್ತಿದ್ದ ಹಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರು ದೈಹಿಕ ಸಂಬಂಧಕ್ಕೆ ಒಪ್ಪಿದ್ದರು ಅನ್ನುವ ಮಾತೇ ನಿಲ್ಲುವುದಿಲ್ಲ. ನಿನ್ನ ಹುಡುಗನಿಗೆ ಆಗಷ್ಟೇ 18 ತುಂಬಿದೆ, ಅವಳಿಗೆ 17. ಇಂಥ ಕೇಸುಗಳನ್ನು ನೋಡಿಯೇ 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸನ್ನು ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. 2023ರಲ್ಲಿ ಆಯೋಗ ಇಳಿಸುವುದು ಬೇಡ ಅಂತ ವರದಿ ಕೊಟ್ಟಿತು. ಇದನ್ನೆಲ್ಲ ಕಾದಂಬರಿಯಲ್ಲಿ ತುರುಕಬೇಡ ಮಾರಾಯ್ತಿ. ಆದರೆ ಆ ಹುಡುಗನ ಅಮ್ಮ ಅವತ್ತು ರಾತ್ರಿ ಊಟ ಮಾಡುವುದಿಲ್ಲ ಅಂತ ನಿನಗೆ ಗೊತ್ತಿರಬೇಕು.

ಇನ್ನು ನಿನ್ನ ಮುಕ್ತಾಯ. ಮೊದಲು ಒಂದು ಕಥೆ ಹೇಳುತ್ತೇನೆ. ಅಮೆರಿಕದ ಲೇಖಕಿ ಜೂಡಿ ಬ್ಲೂಮ್ ಅವರಿಗೆ ಅವರ ಮಗಳು ಒಂದು ದಿನ ಕೇಳಿದಳಂತೆ, ಇಬ್ಬರು ಒಳ್ಳೆ ಹುಡುಗ ಹುಡುಗಿ ಪ್ರೀತಿ ಮಾಡಿ, ಹತ್ತಿರವಾಗಿ, ಯಾರೂ ಸಾಯದೆ ಇರುವ ಒಂದು ಕಥೆ ಬರೆದುಕೊಡು ಅಂತ. 1975ರಲ್ಲಿ ‘ಫಾರೆವರ್’ ಬಂತು. ಶಾಲೆ ಲೈಬ್ರರಿಗಳಿಂದ ಅದನ್ನು ತೆಗೆಸಲು ಎಷ್ಟೋ ಕಡೆ ಜನ ಓಡಾಡಿದರು. ಆ ಹುಡುಗಿಯ ಪ್ರಶ್ನೆ ನಮಗೂ ಚೆನ್ನಾಗಿ ಒಪ್ಪುತ್ತದೆ, ನಮ್ಮ ಕಥೆಗಳಲ್ಲಿ ಪ್ರೀತಿಸಿದವರಿಗೆ ಬಾವಿ, ಹೊಳೆ, ರೈಲು ಇವು ಮೂರೇ ದಾರಿ ಇದ್ದವು. ನೀನು ಯಾರನ್ನೂ ಸಾಯಿಸಿಲ್ಲ, ಸಂತೋಷ. ಬದಲಿಗೆ ಏನು ಮಾಡಿದ್ದೀಯ? ಹುಡುಗ ಅವಳನ್ನು ಬಿಡುತ್ತಾನೆ, ಅವಳು ಕನ್ನಡಿ ಮುಂದೆ ನಿಂತು ನಾಲ್ಕು ಪುಟ ಮಾತಾಡಿ ತನ್ನನ್ನು ಒಪ್ಪಿಕೊಳ್ಳುತ್ತಾಳೆ, ಛಲದಿಂದ ಓದುತ್ತಾಳೆ, ನೀಟ್‌ನಲ್ಲಿ ಒಳ್ಳೆ ರ್‍ಯಾಂಕ್ ಬರುತ್ತದೆ, ಹುಡುಗ ವಾಪಸ್ ಬಂದಾಗ ‘ನನಗೆ ನಾನೇ ಸಾಕು’ ಅನ್ನುತ್ತಾಳೆ. ಕಪ್ಪಾದರೂ, ಸಿಂಧನೂರಿನವಳಾದರೂ, ಹುಡುಗ ಬಿಟ್ಟುಹೋದರೂ ಡಾಕ್ಟರಾದಳು. ನೋಡಿದೆಯಾ? ನಿನ್ನ ಇಡೀ ಕಥೆಯೇ ಒಂದು ದೊಡ್ಡ ‘ರೂ’. ಅವಳಿಗೆ ರ್‍ಯಾಂಕ್ ಬರದೇ ಇದ್ದರೆ ಕನ್ನಡಿ ಮುಂದೆ ಆಡಿದ ಮಾತು ಸುಳ್ಳಾಗುತ್ತದಾ? ಹಾಗಾದರೆ ಅವಳು ಒಪ್ಪಿಕೊಂಡದ್ದು ತನ್ನನ್ನಲ್ಲ, ರಿಸಲ್ಟ್ ಶೀಟನ್ನು.

ನಿನ್ನ ಕಾದಂಬರಿ ಇರುವುದು 17ನೇ ಅಧ್ಯಾಯದಲ್ಲಿ. ಪೇರೆಂಟ್ಸ್ ಮೀಟಿಂಗ್ ದಿನ ಅವಳ ಅವ್ವ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಕಟಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಗಂಟು ಹಿಡಿದು ಬಂದು, ಗೇಟಿನ ಹತ್ತಿರವೇ ‘ಯವ್ವಾ, ಎಷ್ಟ್ ಸೊರಗೀಯಲ್ಲ’ ಅಂತ ಜೋರಾಗಿ ಕರೆಯುತ್ತಾಳೆ. ಹುಡುಗ ಹತ್ತು ಹೆಜ್ಜೆ ದೂರದಲ್ಲಿದ್ದಾನೆ. ಇವಳು ‘ಚೆನ್ನಾಗಿದ್ದೇನೆ ಅಮ್ಮ’ ಅನ್ನುತ್ತಾಳೆ. ಅಮ್ಮ! ಅವ್ವ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಹೊರಡುವವರೆಗೂ ತಾನೂ ತಡವರಿಸಿಕೊಂಡು ‘ಆಯಿತು’, ‘ಬರುತ್ತೇನೆ’ ಅಂತ ಮಗಳ ಕನ್ನಡದಲ್ಲೇ ಮಾತಾಡಲು ನೋಡುತ್ತಾಳೆ. ನಾನು ಕಾಗದ ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ಇದನ್ನು ಬರೆದವಳಿಗೆ ಕನ್ನಡಿಯ ನಾಲ್ಕು ಪುಟ ಯಾಕೆ ಬೇಕು? ಈ ದೃಶ್ಯದಲ್ಲಿ ಒಂದೂ ‘ರೂ’ ಇಲ್ಲ, ಗಮನಿಸಿದೆಯಾ? ನೀನು ಯಾರ ಪರವಾಗಿಯೂ ಕ್ಷಮೆ ಕೇಳಿಲ್ಲ. ಕನ್ನಡಿ ಕಿತ್ತುಹಾಕು. ಈ ಅವ್ವನಿಗೆ ಮಗಳು ಏನು ವಾಪಸ್ ಕೊಡುತ್ತಾಳೆ, ಅದನ್ನು ಹುಡುಕು. ಭಾನುವಾರದ ಫೋನ್ ಕ್ಯೂನಲ್ಲಿ ಹಿಂದೆ ಹತ್ತು ಜನ ನಿಂತು ಕೇಳಿಸಿಕೊಳ್ಳುತ್ತಿರುವಾಗ ಅವಳು ‘ಯವ್ವಾ, ಚಟ್ನಿಪುಡಿ ಮುಗದೈತಿ’ ಅಂತ ತನ್ನ ಗಂಟಲಲ್ಲಿ ಹೇಳಿದರೂ ಸಾಕು ಅಂತ ನನಗೆ ಅನ್ನಿಸಿತು. ಆದರೆ ನನ್ನದು ಹಳೇ ಕಾಲದ ತಲೆ, ನಿನಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು.

‘ಇದು ನಿಮ್ಮದೇ ಕಥೆಯಾ ಅಂತ ಎಲ್ಲರೂ ಕೇಳ್ತಾರೆ, ಏನು ಹೇಳಲಿ’ ಅಂತ ಬರೆದಿದ್ದೀಯ. ಕೇಳುತ್ತಾರೆ. ಹೆಣ್ಣುಮಗಳು ಪ್ರೀತಿಯ ಬಗ್ಗೆ ಬರೆದರೆ ಮೊದಲು ಕೇಳುವುದೇ ಅದು. ಅಮೆರಿಕದಲ್ಲೂ ಕೇಳುತ್ತಾರಂತೆ. ಬೆಕಿ ಆಲ್ಬರ್ಟಾಲಿ ಅನ್ನುವ ಲೇಖಕಿ 2015ರಲ್ಲಿ ಒಬ್ಬ ಗೇ ಹುಡುಗನ ಪ್ರೇಮಕಥೆ ಬರೆದು ಹೆಸರಾದರು, ನಿನಗ್ಯಾಕೆ ಅವರ ಕಥೆ ಅಂತ ಜನ ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ 2020ರಲ್ಲಿ ಅವರು ತಾನು ಬೈಸೆಕ್ಷುಯಲ್ ಅಂತ, ಇನ್ನೂ ತಯಾರಾಗುವ ಮುಂಚೆಯೇ, ಬಹಿರಂಗವಾಗಿ ಬರೆಯಬೇಕಾಯಿತು. ನೀನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಹೌದು ಅನ್ನಬೇಡ, ಅಲ್ಲ ಅನ್ನಬೇಡ. ‘ಓದಿದಿರಾ?’ ಅಂತ ಕೇಳು, ಅರ್ಧ ಜನ ಅಲ್ಲಿಗೇ ಮಾತು ಬದಲಿಸುತ್ತಾರೆ.

ಪ್ರಕಾಶಕರ ಹೆಸರು ಕೇಳಿದ್ದೀಯ, ಈಗ ಬೇಡ. ಮೊದಲು ಇಬ್ಬರು ಪಿಯುಸಿ ಮಕ್ಕಳಿಗೆ ಓದಲು ಕೊಡು, ಸಾಹಿತಿಗಳಿಗೆ ಕೊಡಬೇಡ. ಅವರು ಎಲ್ಲಿ ಪುಟ ಹಾರಿಸಿದರು ಅಂತ ಮಾತ್ರ ಕೇಳು. ಪುಸ್ತಕದಂಗಡಿಯಲ್ಲಿ ಮಕ್ಕಳ ಸಾಹಿತ್ಯ ಒಂದು ಕಪಾಟು, ಕಾದಂಬರಿ ಇನ್ನೊಂದು ಕಪಾಟು, ನಿನ್ನದು ಎರಡಕ್ಕೂ ಸೇರದೆ ನಡುವೆ ನಿಲ್ಲುತ್ತದೆ. ಆ ಜಗಳವನ್ನು ಪುಸ್ತಕ ತಯಾರಾದ ಮೇಲೆ ಆಡೋಣ, ನಾನೂ ಜೊತೆಗೆ ಬರುತ್ತೇನೆ.

ಕಟ್ಟನ್ನು ನಾಳೆ ಕೊರಿಯರ್ ಮಾಡಿಸುತ್ತೇನೆ. ಮೊದಲ ಮೂರು ಅಧ್ಯಾಯ, ಮನೆಯ ಮಾತಿನಲ್ಲಿ, ಯುಗಾದಿ ಒಳಗೆ ಕಳಿಸು. 140ನೇ ಪುಟದಲ್ಲಿ ಎಣ್ಣೆ ಕಲೆ ಇದೆ, ಅದು ನನ್ನ ಒಗ್ಗರಣೆಯದು, ಬೈಯಬೇಡ. ಆಮೇಲೆ, ಅವ್ವನಿಗೆ ಈ ಕಾದಂಬರಿ ಓದಲು ಕೊಟ್ಟಿದ್ದೀಯಾ? ಕೇಳಬಾರದು ಅಂತ ಈಗಷ್ಟೇ ಹೇಳಿದ ಪ್ರಶ್ನೆಯನ್ನೇ ಕೇಳಿದ ಹಾಗಾಯಿತು, ಉತ್ತರ ಬರೆಯಬೇಡ. ಗುರೆಳ್ಳು ಚಟ್ನಿಪುಡಿ ಮಾತ್ರ ಸ್ವಲ್ಪ ಕಳಿಸು, ಇಲ್ಲಿ ಸಿಗುವುದರಲ್ಲಿ ರುಚಿ ಇಲ್ಲ.

ನಿನ್ನ
ಅಕ್ಕ